ಟೈಲ್ಸ್ ಕತ್ತರಿಸುವ ನೀರಿನ ಮಷಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ವರ್ಷದ ಹಿಂದೆ ಮೈಸೂರಿನ ನಮ್ಮ ಹಳೇ ಮನೆಯ ಬಚ್ಚಲಿಗೆ ನಾನೇ ಟೈಲ್ಸ್ ಹಾಕಲು ಹೊರಟೆ. ಮೇಸ್ತ್ರಿ ಸಿಗಲಿಲ್ಲ ಅಂತಲ್ಲ, ಹುಚ್ಚು ಅಷ್ಟೇ. ಅದಕ್ಕಾಗಿ 7 ಇಂಚು ಬ್ಲೇಡಿನ ಸಣ್ಣ ವೆಟ್ ಸಾ ಒಂದನ್ನು ಕೊಂಡೆ. ಬಚ್ಚಲು ಮುಗಿಯಿತು, ಮಷಿನ್ ಉಳಿಯಿತು. ಈಗ ನೆಂಟರು, ಸ್ನೇಹಿತರು, ಪಕ್ಕದ ಬೀದಿಯವರು ಅದನ್ನು ಎರವಲು ಒಯ್ಯಲು ಬಂದಾಗೆಲ್ಲ ಇವೇ ಪ್ರಶ್ನೆಗಳು. ಉತ್ತರ ಬಹುಪಾಲು ನನಗೆ ಕಲಿಸಿದ್ದು ಒಬ್ಬ ಟೈಲ್ಸ್ ಮೇಸ್ತ್ರಿ. ಉಳಿದದ್ದನ್ನು ದುಡ್ಡು ಕೊಟ್ಟು, ಅಂದರೆ ಟೈಲ್ಸ್ ಒಡೆದು ಕಲಿತೆ.

ವೆಟ್ ಸಾ ಅಂದರೆ ಯಾವುದು? ಮೇಸ್ತ್ರಿಗಳ ಕೈಯಲ್ಲಿರುವ ಕಟಿಂಗ್ ಮಷಿನ್ನೇ ಅಲ್ವಾ?

ಅಲ್ಲ. ಮೇಸ್ತ್ರಿಗಳು ಕೈಯಲ್ಲಿ ಹಿಡಿಯುವುದು ಮಾರ್ಬಲ್ ಕಟರ್. ಅದಕ್ಕೆ 4 ಇಂಚಿನ, ಅಂದರೆ 110 ಎಂಎಂ ಬ್ಲೇಡು. ಟೈಲ್ ನೆಲದ ಮೇಲಿರುತ್ತದೆ, ಮಷಿನ್ ಅದರ ಮೇಲೆ ಓಡುತ್ತದೆ. ವೆಟ್ ಸಾದಲ್ಲಿ ಇದು ಉಲ್ಟಾ. ಮಷಿನ್ ಕೂತಲ್ಲೇ ಕೂತಿರುತ್ತದೆ, ಟೈಲನ್ನು ನಾವು ಬ್ಲೇಡಿನ ಕಡೆ ತಳ್ಳುತ್ತೇವೆ. ಸಣ್ಣ ಮಷಿನ್‌ಗಳಲ್ಲಿ ಬ್ಲೇಡು ಟೇಬಲ್ಲಿನ ಸೀಳಿನಿಂದ ಮೇಲೆ ತಲೆ ಎತ್ತಿರುತ್ತದೆ. ಅದರ ಕೆಳಭಾಗ ನೀರಿನ ಟ್ರೇಯಲ್ಲಿ ಮುಳುಗಿದ್ದು, ತಿರುಗುತ್ತಾ ತಾನೇ ನೀರು ಹೊತ್ತು ತರುತ್ತದೆ. ದೊಡ್ಡ ಮಷಿನ್‌ನಲ್ಲಿ ಬ್ಲೇಡು ಮೇಲಿರುತ್ತದೆ, ಸಣ್ಣ ಪಂಪು ಅದಕ್ಕೆ ನೀರು ಸುರಿಯುತ್ತಿರುತ್ತದೆ.

ವೇಗದಲ್ಲೂ ಬಹಳ ವ್ಯತ್ಯಾಸ ಇದೆ. ಮಾರ್ಬಲ್ ಕಟರ್ ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಬ್ಲೇಡಿನ ಅಂಚು ಗಂಟೆಗೆ ಹತ್ತಿರಹತ್ತಿರ 250 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ನನ್ನ 7 ಇಂಚಿನದು ನಿಮಿಷಕ್ಕೆ 3,000 ಸುತ್ತಿನ ಆಸುಪಾಸು, ಅಂಚಿನ ವೇಗ ಗಂಟೆಗೆ 100 ಕಿ.ಮೀ. ಇದೂ ಕಮ್ಮಿಯೇನಲ್ಲ.

ಎಲ್ಲಾ ಟೈಲ್ಸನ್ನೂ ಇದರಲ್ಲೇ ಕತ್ತರಿಸಬೇಕಾ?

ಬೇಡ. ಇದೇ ಜನ ಮಾಡುವ ಮೊದಲ ತಪ್ಪು. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲನ್ನು ನೇರವಾಗಿ ಎರಡು ತುಂಡು ಮಾಡಲು ಕೈ ಕಟರ್ ಸಾಕು. ಸಣ್ಣ ಚಕ್ರದಿಂದ ಗ್ಲೇಜ್ ಮೇಲೆ, ಅಂದರೆ ಟೈಲಿನ ಹೊಳೆಯುವ ಪದರದ ಮೇಲೆ, ಒಂದೇ ಗೆರೆ ಎಳೆಯುವುದು, ಹಿಡಿಕೆ ಒತ್ತುವುದು, ಟಕ್ ಅಂತ ಮುರಿಯುತ್ತದೆ. ಕರೆಂಟಿಲ್ಲ, ಸದ್ದಿಲ್ಲ, ಧೂಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಮಷಿನ್ ಬೇಕಾಗುವುದು ಕೈ ಕಟರಿಗೆ ಆಗದ ಕಡೆ: ಒಂದಿಂಚಿಗಿಂತ ಸಣ್ಣ ಪಟ್ಟಿ, ನಲ್ಲಿ ಅಥವಾ ಸ್ವಿಚ್ ಬಾಕ್ಸ್ ಸುತ್ತ ಬರುವ ಎಲ್ ಆಕಾರ, 45 ಡಿಗ್ರಿ ಅಂಚು, ಗಟ್ಟಿ ವಿಟ್ರಿಫೈಡ್ ಟೈಲ್. ನನ್ನ ಬಚ್ಚಲಿನಲ್ಲಿ ಮುಕ್ಕಾಲು ಪಾಲು ಕಟಿಂಗ್ ಕೈ ಕಟರಿನಲ್ಲೇ ಮುಗಿಯಿತು. ಮಷಿನ್ ತಂದ ಖುಷಿಗೆ ಎಲ್ಲವನ್ನೂ ಅದಕ್ಕೇ ತಿನ್ನಿಸಬೇಡಿ.

ನೀರು ಬ್ಲೇಡ್ ತಂಪಾಗಿರಲಿ ಅಂತ ತಾನೇ?

ಅದೂ ಹೌದು. ಆದರೆ ಬ್ಲೇಡ್ ಹೋದರೆ ಇನ್ನೊಂದು ತರಬಹುದು. ನೀರು ಮುಖ್ಯವಾಗಿ ಇರುವುದು ನಮ್ಮ ಶ್ವಾಸಕೋಶಕ್ಕೆ.

ಟೈಲ್ಸ್ ಮಾಡುವುದು ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಸೇರಿಸಿ ಒತ್ತಿ ಸುಟ್ಟು. ಬೆಣಚುಕಲ್ಲು ಅಂದರೆ ಸಿಲಿಕಾ. ಒಣಗಿದ್ದಾಗ ಕತ್ತರಿಸಿದರೆ ಅದು ಎಷ್ಟು ನುಣ್ಣಗೆ ಪುಡಿಯಾಗುತ್ತದೆ ಅಂದರೆ, ಮೂಗಿನ ಕೂದಲು, ಗಂಟಲು ಎಲ್ಲ ದಾಟಿ ಶ್ವಾಸಕೋಶದ ತುದಿಗೇ ಹೋಗಿ ಕೂರುತ್ತದೆ. ನೆಲದ ಮೇಲೆ ಬಿಳಿಯಾಗಿ ಬೀಳುವ ಧೂಳನ್ನು ಗುಡಿಸಬಹುದು. ಅಪಾಯದ ಧೂಳು ಕಣ್ಣಿಗೆ ಕಾಣುವುದೇ ಇಲ್ಲ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ವರ್ಷಗಟ್ಟಲೆ ಹೀಗೆ ಎಳೆದುಕೊಂಡರೆ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುತ್ತಾ ಹೋಗುತ್ತದೆ. ಅದೇ ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಇಂಥ ಸಿಲಿಕಾ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಎಷ್ಟು ಧೂಳು ಜಾಸ್ತಿ ಅನ್ನುವುದಕ್ಕೆ ಒಂದು ಅಳತೆ ಹೇಳುತ್ತೇನೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2016ರಲ್ಲಿ ಇಟ್ಟ ಮಿತಿ, 8 ಗಂಟೆ ಕೆಲಸದ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ಒಂದು ಗ್ರಾಂ ಪುಡಿಯನ್ನು 20,000 ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದುಕೊಂಡಷ್ಟು. ಒಂದೇ ಒಂದು ಟೈಲಿನ ಒಣ ಕಟ್‌ನಲ್ಲಿ ಏಳುವ ಬಿಳಿ ಮೋಡ ನೋಡಿದವರಿಗೆ ಇದು ಎಷ್ಟು ಕಮ್ಮಿ ಅಂತ ಬಿಡಿಸಿ ಹೇಳಬೇಕಿಲ್ಲ.

ಎರಡೇ ಟೈಲ್ಸ್ ಇದ್ದಾವೆ. ಸುಮ್ನೆ ಒಣಗಿದ್ದನ್ನೇ ಕತ್ತರಿಸಿಬಿಡಲಾ?

ನಿಮಗೆ ಎರಡು ಟೈಲಿನಿಂದ ಸಿಲಿಕೋಸಿಸ್ ಬರುವುದಿಲ್ಲ, ನಿಜ. ಆದರೆ ಆ ಪುಡಿ ಮನೆಯೊಳಗೆ ಪರದೆ, ಹಾಸಿಗೆ, ಫ್ಯಾನಿನ ಮೇಲೆಲ್ಲ ಕೂತು ಗುಡಿಸಿದಾಗೆಲ್ಲ ಮತ್ತೆ ಏಳುತ್ತದೆ. ನೀರು ತುಂಬಿಸಲು ಎರಡು ನಿಮಿಷ. ತುಂಬಿಸಿ.

ನೀರಿದ್ದ ಮೇಲೆ ಮಾಸ್ಕ್ ಯಾಕೆ?

ನೀರು ಧೂಳನ್ನು ಬಹಳಷ್ಟು ಹಿಡಿಯುತ್ತದೆ, ಪೂರ್ತಿ ಹಿಡಿಯುವುದಿಲ್ಲ. ಬ್ಲೇಡು ಎರಚುವ ಮಂಜಿನಂಥ ಹನಿಗಳಲ್ಲೂ ಪುಡಿ ಇರುತ್ತದೆ. ಬಯಲಲ್ಲಿ, ನೀರು ಚೆನ್ನಾಗಿ ಹರಿಯುತ್ತಿದ್ದು, ಒಂದರ್ಧ ಗಂಟೆ ಕೆಲಸ ಆದರೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೂ ಮಾಸ್ಕ್ ಹಾಕುತ್ತೇನೆ. ಮುಚ್ಚಿದ ಜಾಗ ಆದರೆ, ದಿನವೆಲ್ಲ ಕೆಲಸ ಆದರೆ, ಬೇಕೇ ಬೇಕು.

ಎನ್95 ಅಥವಾ ಎಫ್‌ಎಫ್‌ಪಿ2 ಅಂತ ಬರೆದಿರುವ ಮಾಸ್ಕ್ ಆಗಬೇಕು. ಕರ್ಚೀಫು, ಟವೆಲ್ಲು, ಕೊರೊನಾ ಕಾಲದಲ್ಲಿ ಉಳಿದ ನೀಲಿ ಮಾಸ್ಕು ಇವೆಲ್ಲ ಮನಸ್ಸಿಗೆ ಸಮಾಧಾನ ಅಷ್ಟೇ. ಮುಖಕ್ಕೆ ಸುತ್ತಲೂ ಅಂಟಿ ಕೂರಬೇಕು. ದಪ್ಪ ಗಡ್ಡ ಇದ್ದರೆ ಕೂರುವುದಿಲ್ಲ. ನೀರು ಬಿದ್ದು ತೊಯ್ದರೆ ಬದಲಾಯಿಸಿ.

ನೀರು, ಕರೆಂಟು ಎರಡೂ ಒಟ್ಟಿಗೆ. ಶಾಕ್ ಹೊಡೆಯಲ್ವಾ?

ಇದು ಸರಿಯಾದ ಭಯ. ಧೂಳಿನಿಂದ ಕಾಪಾಡುವ ನೀರೇ ಇಲ್ಲಿ ಶತ್ರು. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ಮೊದಲು ಆರ್‌ಸಿಸಿಬಿ. ಮನೆಗೆಲ್ಲ ಕರೆಂಟು ಹಂಚುವ ಡಿಬಿ ಬಾಕ್ಸ್ ತೆರೆದು ನೋಡಿ. ಸಾಲಾಗಿ ಇರುವ ಚಿಕ್ಕವು ಎಂಸಿಬಿ. ಅವು ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುತ್ತವೆ. ನಿಮ್ಮ ಮೈಮೇಲೆ ಕರೆಂಟ್ ಹರಿದರೆ ಅವಕ್ಕೆ ಗೊತ್ತೇ ಆಗುವುದಿಲ್ಲ. ಸ್ವಲ್ಪ ಅಗಲವಾಗಿ, ‘ಟಿ’ ಅಥವಾ ‘ಟೆಸ್ಟ್’ ಅಂತ ಪುಟ್ಟ ಬಟನ್ ಇರುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಇದು ಲೆಕ್ಕ ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ ಎಲ್ಲೋ ಸೋರಿ ನೆಲಕ್ಕೆ ಹೋಗುತ್ತಿದೆ ಅಂತಾದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುತ್ತದೆ. ಮೇಲೆ 30 ಎಂಎ ಅಂತ ಬರೆದಿರಬೇಕು. 100 ಅಥವಾ 300 ಅಂತಿದ್ದರೆ ಅದು ಮನುಷ್ಯರನ್ನು ಉಳಿಸಲು ಇಟ್ಟದ್ದಲ್ಲ. ಕೆಲಸ ಶುರು ಮಾಡುವ ಮುಂಚೆ ಟೆಸ್ಟ್ ಬಟನ್ ಒತ್ತಿ ನೋಡಿ, ಟಪ್ ಅಂತ ಬೀಳಬೇಕು.

ಹಳೇ ಮನೆಗಳಲ್ಲಿ ಇದು ಇರುವುದೇ ಇಲ್ಲ. ನಮ್ಮದರಲ್ಲೂ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದೆ. ಹಾಕಿಸಿದ ಮೂರನೇ ದಿನವೇ ಗೀಸರ್ ಆನ್ ಮಾಡಿದಾಗೆಲ್ಲ ಬೀಳತೊಡಗಿತು. ‘ಹೊಸದು ಸರಿಯಿಲ್ಲ’ ಅಂತ ಮನೆಯಲ್ಲಿ ಎಲ್ಲರೂ ನನ್ನನ್ನು ಬೈದರು. ನೋಡಿದರೆ ಗೀಸರಿನ ಕಾಯಿಲ್ ಒಳಗೇ ಸೋರುತ್ತಿತ್ತು.

ಎರಡನೆಯದು ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ ಕೊಟ್ಟಿದ್ದರೆ ಮೂರೂ ಪಿನ್ ಸಾಕೆಟ್ಟಿಗೆ ಹೋಗಬೇಕು. ದಪ್ಪ ಪಿನ್ ಮುರಿದು, ಅಥವಾ ಪ್ಲಗ್ ಕತ್ತರಿಸಿ ಬರೀ ವೈರ್ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ಎಷ್ಟು ಸೈಟ್‌ಗಳಲ್ಲಿ ನೋಡಿದ್ದೇನೋ.

ಮೂರನೆಯದು ವೈರಿನ ಜೋಲು. ಮಷಿನ್‌ನಿಂದ ಸಾಕೆಟ್ಟಿಗೆ ವೈರು ನೇರವಾಗಿ ಇಳಿದರೆ ನೀರು ಅದರ ಮೈಗುಂಟ ಹರಿದು ಪ್ಲಗ್ಗಿಗೇ ಹೋಗುತ್ತದೆ. ಅದಕ್ಕೆ ವೈರು ಒಂದು ಕಡೆ ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದಿರಲಿ. ನೀರು ಅಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಬೇಡ, ಸ್ಟೂಲ್ ಮೇಲಿಡಿ. ಉದ್ದದ ಎಕ್ಸ್‌ಟೆನ್ಷನ್ ಆದರೆ ಸುರುಳಿ ಪೂರ್ತಿ ಬಿಚ್ಚಿ, ಸುತ್ತಿಟ್ಟೇ ಬಳಸಿದರೆ ಬಿಸಿಯಾಗುತ್ತದೆ.

ಒಣಗಿದ ಕೈ, ರಬ್ಬರ್ ಅಟ್ಟೆಯ ಚಪ್ಪಲಿಗಿಂತ ಮುಚ್ಚಿದ ಶೂ. ಟ್ರೇಗೆ ನೀರು ಹಾಕುವಾಗ, ಬ್ಲೇಡ್ ಬದಲಾಯಿಸುವಾಗ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಮೇಸ್ತ್ರಿಗಳು ಬಾಟಲಿಯಿಂದ ಮಾರ್ಬಲ್ ಕಟರ್ ಮೇಲೆ ನೀರು ಸುರಿಯುತ್ತಾ ಕತ್ತರಿಸುತ್ತಾರಲ್ಲ, ಅದು ಪರವಾಗಿಲ್ವಾ?

ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ ಹಿಡಿದು ಒಬ್ಬ ಹುಡುಗ ಪಕ್ಕದಲ್ಲಿ ಕೂತಿರುತ್ತಾನೆ, ಅಲ್ವಾ? ಧೂಳಿನ ಲೆಕ್ಕದಲ್ಲಿ ಅದು ಒಣ ಕಟಿಂಗಿಗಿಂತ ಎಷ್ಟೋ ಮೇಲು. ಕರೆಂಟಿನ ಲೆಕ್ಕದಲ್ಲಿ ಹಾಗಲ್ಲ. ನೀರು ಸ್ವಲ್ಪ ಗುರಿ ತಪ್ಪಿದರೆ ಮೋಟಾರಿನ ಗಾಳಿಕಿಂಡಿಯೊಳಗೆ ಹೋಗುತ್ತದೆ, ಮಷಿನ್ ಇರುವುದು ಕೈಯಲ್ಲಿ. ಆ ಹುಡುಗನ ಬೆರಳೂ ಬ್ಲೇಡಿಗೆ ಒಂದು ಗೇಣು ದೂರದಲ್ಲಿರುತ್ತವೆ.

ಎಷ್ಟೋ ಮಾರ್ಬಲ್ ಕಟರ್‌ಗಳ ಜೊತೆ ಡಬ್ಬದಲ್ಲೇ ಸಣ್ಣ ನೀರಿನ ಪೈಪು ಬರುತ್ತದೆ. ಬಹಳ ಜನ ಅದನ್ನು ಡಬ್ಬದಲ್ಲೇ ಬಿಟ್ಟಿರುತ್ತಾರೆ. ಅದನ್ನು ಸಿಕ್ಕಿಸಿದರೆ ನೀರು ಬ್ಲೇಡಿನ ಬುಡಕ್ಕೇ ಬೀಳುತ್ತದೆ. ಸಣ್ಣಗೆ ಹರಿದರೆ ಸಾಕು. ಪೈಪ್ ಇರಲಿ ಬಾಟಲಿ ಇರಲಿ, ಆರ್‌ಸಿಸಿಬಿ ಇಲ್ಲದ ಲೈನಿನಲ್ಲಿ ಈ ಕೆಲಸ ಬೇಡ.

ಯಾವ ಬ್ಲೇಡ್ ತರಬೇಕು?

ಡೈಮಂಡ್ ಬ್ಲೇಡು, ಅಂದರೆ ಅಂಚಿನಲ್ಲಿ ವಜ್ರದ ಹರಳು ಇರುವುದು. ಅಂಗಡಿಯಲ್ಲಿ ಮೂರು ಥರ ತೋರಿಸುತ್ತಾರೆ. ಅಂಚಿನಲ್ಲಿ ದೊಡ್ಡ ದೊಡ್ಡ ಸೀಳು ಇರುವುದು ಕಾಂಕ್ರೀಟು, ಕಲ್ಲಿಗೆ. ಅಲೆಅಲೆಯಾಗಿ ಇರುವುದು ಟರ್ಬೊ, ಬೇಗ ಕತ್ತರಿಸುತ್ತದೆ, ಅಂಚು ಸ್ವಲ್ಪ ಒರಟು. ಒಂದೂ ಸೀಳಿಲ್ಲದೆ ಸುತ್ತಲೂ ಒಂದೇ ಸಮ ಇರುವುದು ಗ್ಲೇಜ್ ಟೈಲಿಗೆ. ಅದನ್ನೇ ತನ್ನಿ.

ಬ್ಲೇಡಿನ ಮೇಲೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಗರಿಷ್ಠ ಆರ್‌ಪಿಎಂ ಬರೆದಿರುತ್ತದೆ, ಮಷಿನ್ನಿನ ಆರ್‌ಪಿಎಂ ಅದಕ್ಕಿಂತ ಕಡಿಮೆ ಇರಬೇಕು. ನಡುವಿನ ತೂತು ಮಷಿನ್ನಿನ ಶಾಫ್ಟಿಗೆ ಸರಿಯಾಗಿ ಕೂರಬೇಕು. ಬಾಣದ ಗುರುತು ಬ್ಲೇಡ್ ತಿರುಗುವ ಕಡೆಗೇ ಇರಲಿ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಯಾವ ಕಾರಣಕ್ಕೂ ಇದಕ್ಕೆ ಹಾಕಬೇಡಿ.

ವಿಡಿಯೊಗಳಲ್ಲಿ ತಿರುಗುವ ಬ್ಲೇಡನ್ನು ಬೆರಳಿಂದ ಮುಟ್ಟಿ ತೋರಿಸುತ್ತಾರೆ. ಅಂದರೆ ಕೈ ಕೊಯ್ಯಲ್ವಾ?

ಕೊಯ್ಯುತ್ತದೆ. ಡೈಮಂಡ್ ಬ್ಲೇಡಿಗೆ ಹಲ್ಲಿಲ್ಲ, ಅದು ಉಜ್ಜಿ ಉಜ್ಜಿ ಕತ್ತರಿಸುತ್ತದೆ. ಮೆತ್ತಗಿನ ಬೆರಳು ಒಂದು ಕ್ಷಣ ಹಗುರವಾಗಿ ಸೋಕಿದರೆ ಏನೂ ಆಗದೆ ಇರಬಹುದು. ಆ ಕ್ಷಣವನ್ನು ವಿಡಿಯೊ ಮಾಡುತ್ತಾರೆ. ಟೈಲ್ ತಳ್ಳುವ ಒತ್ತಡದಲ್ಲಿ ಕೈ ಜಾರಿದರೆ ಅದು ಬೇರೆ ಕಥೆ. ಚರ್ಮ, ಉಗುರು, ಮೂಳೆ ಯಾವುದೂ ಬೆಣಚುಕಲ್ಲಿಗಿಂತ ಗಟ್ಟಿ ಅಲ್ಲ.

ಗ್ಲೌಸ್ ಹಾಕಬೇಕಾ?

ಕತ್ತರಿಸುವಾಗ ಬೇಡ. ದೊಗಲೆ ಬಟ್ಟೆ ಗ್ಲೌಸಿನ ಒಂದು ದಾರ ಸಿಕ್ಕಿದರೂ ಬ್ಲೇಡು ಕೈಯನ್ನೇ ಎಳೆದುಕೊಳ್ಳುತ್ತದೆ. ಕತ್ತರಿಸಿದ ತುಂಡುಗಳನ್ನು ಹೊತ್ತೊಯ್ಯುವಾಗ ಹಾಕಿ, ಆ ಅಂಚು ಗಾಜಿನಷ್ಟೇ ಹರಿತ. ಇದೇ ಕಾರಣಕ್ಕೆ ಲುಂಗಿ, ದುಪಟ್ಟಾ, ಉದ್ದ ತೋಳು, ಬಳೆ, ಕೈದಾರ ಬೇಡ. ಕೂದಲು ಕಟ್ಟಿರಲಿ. ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್ಸ್, ಕಿವಿಗೆ ಪ್ಲಗ್.

ಲುಂಗಿಯ ಮಾತು ಸುಮ್ನೆ ಹೇಳಿದ್ದಲ್ಲ. ಮೊದಲ ದಿನ ನಾನು ಲುಂಗಿ ಕಟ್ಟಿಕೊಂಡೇ ಕೂತಿದ್ದೆ. ಮೇಸ್ತ್ರಿ ಬಂದವರು ಮಷಿನ್ ನೋಡುವ ಮೊದಲು ನನ್ನ ಕಾಲು ನೋಡಿದರು. ‘ಸಾರ್, ಮೊದ್ಲು ಒಳಗೋಗಿ ಪ್ಯಾಂಟ್ ಹಾಕ್ಕೊಂಡ್ ಬನ್ನಿ. ಆಮೇಲೆ ಮಾತಾಡಣ’ ಅಂದರು.

ಮಷಿನ್ ಎಲ್ಲಿಡಬೇಕು?

ಬಯಲಲ್ಲಿ, ನೆರಳಲ್ಲಿ, ಸಮತಟ್ಟಾದ ಗಟ್ಟಿ ಟೇಬಲ್ ಮೇಲೆ. ಅಲುಗಾಡುವ ಪ್ಲಾಸ್ಟಿಕ್ ಸ್ಟೂಲ್ ಬೇಡ. ರಾಡಿ ನೀರು ಎದುರಿಗೆ, ಹಿಂದಕ್ಕೆ ಎರಡೂ ಕಡೆ ಚಿಮ್ಮುತ್ತದೆ. ಒಂದು ಸಲ ಹಿತ್ತಲಿನ ತಂತಿ ಮೇಲೆ ಒಣಗಹಾಕಿದ್ದ ಸೀರೆ ಪಕ್ಕ ಇಟ್ಟಿದ್ದೆ. ಆ ವಿಷಯ ಬೇಡ ಬಿಡಿ. ಮಕ್ಕಳು, ನಾಯಿ, ಕೋಳಿ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಕತ್ತರಿಸುವ ಕ್ರಮ ಹೇಗೆ?

ಅಳತೆ ಹಾಕಿ, ಮೂಲೆಮಟ್ಟ ಇಟ್ಟು ಗೆರೆ ಎಳೆಯಿರಿ. ಗ್ಲೇಜ್ ಮೇಲೆ ಪೆನ್ಸಿಲ್ ನಿಲ್ಲದಿದ್ದರೆ ಪೇಪರ್ ಟೇಪ್ ಅಂಟಿಸಿ ಅದರ ಮೇಲೆ ಬರೆಯಿರಿ, ನೀರಿಗೂ ಅಳಿಸುವುದಿಲ್ಲ. ಬ್ಲೇಡಿಗೂ ದಪ್ಪ ಇದೆ ಅನ್ನುವುದನ್ನು ಮರೆಯಬೇಡಿ. ಗೆರೆ ನಿಮಗೆ ಬೇಕಾದ ತುಂಡಿನಲ್ಲಿ ಉಳಿಯಬೇಕು, ಬ್ಲೇಡ್ ಬೇಡದ ಕಡೆ ತಿನ್ನಬೇಕು.

ಟೈಲನ್ನು ಒರಗಿಸಿ ತಳ್ಳುವ ಗೈಡ್ ಪಟ್ಟಿಯನ್ನು ಬಿಗಿ ಮಾಡುವ ಮುನ್ನ ಬ್ಲೇಡಿನ ಮುಂದಿನ ತುದಿಯಿಂದ ಒಂದು ಸಲ, ಹಿಂದಿನ ತುದಿಯಿಂದ ಒಂದು ಸಲ ಅಳೆಯಿರಿ. ಎರಡೂ ಒಂದೇ ಇರಬೇಕು. ಅರ್ಧ ಎಂಎಂ ವ್ಯತ್ಯಾಸ ಇದ್ದರೂ ಟೈಲು ನಡುವೆ ಹಿಡಿದುಕೊಳ್ಳುತ್ತದೆ, ಬ್ಲೇಡು ಕಿರುಚುತ್ತದೆ.

ಗ್ಲೇಜ್ ಇರುವ ಮುಖ ಮೇಲೆ. ಮಷಿನ್ ಆನ್ ಮಾಡಿ, ಬ್ಲೇಡು ಪೂರ್ತಿ ವೇಗಕ್ಕೆ ಬಂದು, ಪೂರ್ತಿ ತೊಯ್ಯುವವರೆಗೂ ಕಾಯಿರಿ. ಬ್ಲೇಡಿನ ಸಾಲಿನಲ್ಲಿ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಬೆರಳುಗಳು ಗೆರೆಯ ಎರಡೂ ಬದಿಗೆ ಇರಲಿ, ಬ್ಲೇಡಿನ ದಾರಿಯಲ್ಲಿ ಯಾವ ಬೆರಳೂ ಬೇಡ. ಸಣ್ಣ ತುಂಡಾದರೆ ಮರದ ಪಟ್ಟಿಯಿಂದ ತಳ್ಳಿ.

ತಳ್ಳುವುದರಲ್ಲಿ ಕಿವಿಯದೇ ಕೆಲಸ. ಮೋಟಾರಿನ ಸದ್ದು ಒಂದೇ ಸಮ ಇದ್ದರೆ ಕೈ ಸರಿ ಇದೆ. ಸದ್ದು ಕುಗ್ಗಿತೋ, ನೀವು ನೂಕುತ್ತಿದ್ದೀರಿ. ಸ್ವಲ್ಪ ಹಿಂದೆ ಎಳೆಯಿರಿ, ಬ್ಲೇಡು ಉಸಿರಾಡಲಿ. ಬ್ಲೇಡಿನಿಂದ ಬೀಳುವ ನೀರು ಹಾಲಿನ ಹಾಗೆ ಬೆಳ್ಳಗಿರಬೇಕು. ಅದು ಗಟ್ಟಿ ಗಂಜಿಯಾದರೆ, ಕಿಡಿ ಕಂಡರೆ, ಬಿಸಿ ಮಣ್ಣಿನ ವಾಸನೆ ಬಂದರೆ ನೀರು ಸಾಲುತ್ತಿಲ್ಲ. ನನ್ನ ಮಷಿನ್ನಿನ ಟ್ರೇ ನಾನು ಅಂದುಕೊಂಡದ್ದಕ್ಕಿಂತ ಬೇಗ ಖಾಲಿಯಾಗುತ್ತದೆ, ನಾಲ್ಕೈದು ಕಟ್ಟಿಗೊಮ್ಮೆ ಬಗ್ಗಿ ನೋಡುತ್ತೇನೆ.

ಕಟ್ ಮುಗಿದ ಮೇಲೆ ತುಂಡು ತೆಗೆಯುವ ಆತುರ ಬೇಡ. ಆಫ್ ಮಾಡಿ, ಬ್ಲೇಡು ನಿಲ್ಲಲಿ.

ಗ್ಲೇಜ್ ಚಕ್ಕೆ ಏಳುತ್ತದೆ. ಏನು ಮಾಡಲಿ?

ನಿಧಾನ ಮಾಡಿ. ಗೆರೆಯ ಮೇಲೆ ಪೇಪರ್ ಟೇಪ್ ಹಾಕಿ. ಆಗಲೂ ಏಳುತ್ತಿದ್ದರೆ ಬ್ಲೇಡು ಮೊಂಡಾಗಿದೆ, ಇಲ್ಲವೇ ಅಲುಗಾಡುತ್ತಿದೆ. ಮಾರ್ಬಲ್ ಕಟರ್ ಆದರೆ ಮೊದಲು ಒಂದೆರಡು ಎಂಎಂ ಆಳಕ್ಕೆ ಗೀರು ಹಾಕಿ, ಎರಡನೇ ಸಲ ಪೂರ್ತಿ ಕೊಯ್ಯಿರಿ. ಸಣ್ಣಪುಟ್ಟ ಚಕ್ಕೆ ಸ್ಕರ್ಟಿಂಗ್ ಕೆಳಗೆ, ಮೂಲೆಯೊಳಗೆ ಹೋಗುವ ಕಡೆ ಇಟ್ಟುಬಿಡಿ. ಎಲ್ಲರೂ ಮಾಡುವುದು ಅದನ್ನೇ.

ಕಟ್ ಮುಗಿಯುವ ಹೊತ್ತಿಗೆ ಕೊನೆಯ ಮೂಲೆ ಮುರಿದುಹೋಗುತ್ತದೆ.

ಎರಡೂ ತುಂಡು ಭಾರಕ್ಕೆ ಕೆಳಗೆ ಬಾಗುತ್ತವೆ, ಉಳಿದ ಅರ್ಧ ಇಂಚು ತಡೆಯಲಾರದೆ ಮುರಿಯುತ್ತದೆ. ಕೊನೆಯಲ್ಲಿ ಒಂದೆರಡು ಇಂಚು ಇದ್ದಾಗ ನಿಲ್ಲಿಸಿ, ಟೈಲ್ ತಿರುಗಿಸಿ, ಆ ಕಡೆಯಿಂದ ಕೊಯ್ದು ನಡುವೆ ಸೇರಿಸಿ. ದೊಡ್ಡ ಟೈಲಾದರೆ ಪಕ್ಕದಲ್ಲಿ ಅದೇ ಎತ್ತರಕ್ಕೆ ಹಲಗೆ ಜೋಡಿಸಿ ಆಸರೆ ಕೊಡಿ. 2 ಅಡಿ–4 ಅಡಿ ಟೈಲನ್ನು ಸಣ್ಣ ಮಷಿನ್ ಮೇಲೆ ಒಬ್ಬರೇ ಹಿಡಿಯಲು ಹೋಗಬೇಡಿ.

ಎಲ್ ಆಕಾರ ಕೊಯ್ಯುವಾಗ ಮೂಲೆಯಲ್ಲೇ ಬಿರುಕು. ಯಾಕೆ?

ಇದರಲ್ಲಿ ನಾನು ಸಾಲಾಗಿ ಮೂರು ಟೈಲ್ ಕಳೆದಿದ್ದೇನೆ. ನಲ್ಲಿ ಪಕ್ಕದ ಟೈಲು, ಡಬ್ಬದಲ್ಲಿ ಉಳಿದಿದ್ದೇ ನಾಲ್ಕು.

ಬ್ಲೇಡು ದುಂಡಗಿದೆ. ಮೇಲಿನ ಮುಖದಲ್ಲಿ ಗೆರೆ ಮೂಲೆ ಮುಟ್ಟಿದಾಗ ಕೆಳಗಿನ ಮುಖದಲ್ಲಿ ಕಟ್ ಅಷ್ಟು ದೂರ ಹೋಗಿರುವುದಿಲ್ಲ, ಅಥವಾ ದಾಟಿಹೋಗಿರುತ್ತದೆ. ಅದರ ಮೇಲೆ, ಚೂಪಾದ ಒಳಮೂಲೆ ಇದ್ದರೆ ಟೈಲಿನೊಳಗಿನ ಎಳೆತವೆಲ್ಲ ಅಲ್ಲೇ ಸೇರುತ್ತದೆ. ವಿಟ್ರಿಫೈಡ್‌ನಲ್ಲಂತೂ ಕಟ್ ಮುಗಿಸಿ ಕೆಳಗಿಟ್ಟ ಮೇಲೂ ಟಿಕ್ ಅಂತ ಬಿರುಕು ಬಿಡುತ್ತದೆ.

ಮೇಸ್ತ್ರಿ ತೋರಿಸಿದ ಉಪಾಯ ಇದು: ಮೊದಲು ಮೂಲೆಯಲ್ಲಿ 6 ಎಂಎಂ ಡೈಮಂಡ್ ಬಿಟ್‌ನಿಂದ ತೂತು. ಆಮೇಲೆ ಎರಡೂ ಕಡೆಯಿಂದ ಕಟ್ ತಂದು ಆ ತೂತಿನಲ್ಲಿ ನಿಲ್ಲಿಸುವುದು. ದುಂಡಗಿನ ತೂತಿನಲ್ಲಿ ಎಳೆತ ಹರಡಿಕೊಳ್ಳುತ್ತದೆ, ಬಿರುಕು ಮುಂದೆ ಹೋಗುವುದಿಲ್ಲ. ನಾಲ್ಕನೇ ಟೈಲು ಉಳಿಯಿತು. ಈಗಲೂ ಸ್ನಾನಕ್ಕೆ ಹೋದಾಗ ಅದನ್ನು ಒಮ್ಮೆ ನೋಡುತ್ತೇನೆ.

ಹೊಸ ಬ್ಲೇಡು, ಆದರೂ ಕೊಯ್ಯುತ್ತಿಲ್ಲ. ಮೋಸ ಹೋದೆನಾ?

ಇರಲಿಕ್ಕಿಲ್ಲ. ಬ್ಲೇಡಿನ ಅಂಚಿನಲ್ಲಿ ವಜ್ರದ ಹರಳುಗಳು ಲೋಹದ ಪುಡಿಯೊಳಗೆ ಹುದುಗಿರುತ್ತವೆ. ಮೇಲಿನ ಹರಳು ಸವೆದಂತೆ ಲೋಹವೂ ಸವೆದು ಕೆಳಗಿನ ಹೊಸ ಹರಳು ಹೊರಬರಬೇಕು. ತುಂಬಾ ಗಟ್ಟಿ, ನುಣ್ಣನೆ ಟೈಲ್ ಕೊಯ್ಯುತ್ತಿದ್ದರೆ ಹರಳು ಮೊಂಡಾಗುತ್ತದೆ, ಲೋಹ ಮಾತ್ರ ಸವೆಯದೆ ಮುಚ್ಚಿಕೊಂಡು ಕೂರುತ್ತದೆ. ಅಂಚು ಮುಟ್ಟಿದರೆ (ಪ್ಲಗ್ ಕಿತ್ತು!) ಗಾಜಿನ ಹಾಗೆ ನುಣುಪು.

ಔಷಧಿ ವಿಚಿತ್ರ: ಮೆತ್ತಗಿನ, ಮರಳುಮರಳಾದ ವಸ್ತುವನ್ನು ಕೊಯ್ಯಬೇಕು. ಇದಕ್ಕೆಂದೇ ಕಲ್ಲು ಸಿಗುತ್ತದೆ. ನಾನು ಒಡೆದ ಇಟ್ಟಿಗೆ ಅಥವಾ ಹಂಚಿನ ತುಂಡಿನಲ್ಲಿ ನಾಲ್ಕೈದು ಸಲ ನೀರು ಹಾಕಿಯೇ ಕೊಯ್ಯುತ್ತೇನೆ. ಲೋಹ ತರಚಿಹೋಗಿ ಹೊಸ ಹರಳು ತೆರೆದುಕೊಳ್ಳುತ್ತದೆ.

ನಲ್ಲಿಗೆ ದುಂಡನೆ ತೂತು?

ಅದು ಈ ಮಷಿನ್ನಿನ ಕೆಲಸ ಅಲ್ಲ. ಡ್ರಿಲ್ಲಿಗೆ ದುಂಡಗೆ ಕೊರೆಯುವ ಡೈಮಂಡ್ ಹೋಲ್ ಸಾ ಹಾಕಿ, ಡ್ರಿಲ್ಲಿನ ಕುಟ್ಟುವ ಹ್ಯಾಮರ್ ಆಫ್ ಮಾಡಿ, ಓರೆಯಾಗಿ ಹಿಡಿದು ಶುರು ಮಾಡಿ ನಿಧಾನಕ್ಕೆ ನೆಟ್ಟಗೆ ಮಾಡಿ. ಒದ್ದೆ ಸ್ಪಂಜಿನಿಂದ ಆಗಾಗ ನೀರು ಹಿಂಡಿ.

ಮಾರ್ಬಲ್ ಕಟರನ್ನೇ ಹಲಗೆಗೆ ತಲೆಕೆಳಗಾಗಿ ಬಿಗಿದು ಟೇಬಲ್ ಸಾ ಮಾಡಿಕೊಳ್ಳಬಹುದಲ್ಲ?

ಬೇಡ. ಇದನ್ನು ಬಹಳ ಜನ ಮಾಡುತ್ತಾರೆ, ಅಗ್ಗ ಅನ್ನಿಸುತ್ತದೆ. ಆದರೆ ತಲೆಕೆಳಗಾದರೆ ನೀರೆಲ್ಲ ನೇರ ಮೋಟಾರಿಗೆ ಇಳಿಯುತ್ತದೆ. ಬ್ಲೇಡು ಮುಚ್ಚುವ ಗಾರ್ಡ್ ಬಿಚ್ಚಿರಬೇಕಾಗುತ್ತದೆ. ಸ್ವಿಚ್ಚನ್ನು ಟೇಪ್ ಸುತ್ತಿ ಒತ್ತಿಟ್ಟಿರುತ್ತಾರೆ, ಅನಾಹುತ ಆದಾಗ ಆಫ್ ಮಾಡಲು ಕೈಗೆ ಏನೂ ಸಿಗುವುದಿಲ್ಲ. ದುಡ್ಡಿನ ತೊಂದರೆ ಇದ್ದರೆ ಕೈ ಕಟರ್ ತನ್ನಿ, ಇಲ್ಲವೇ ಮಷಿನ್ ಬಾಡಿಗೆಗೆ ಹುಡುಕಿ.

ಮಂಗಳೂರು ಹಂಚನ್ನೂ ಇದರಲ್ಲಿ ಕೊಯ್ಯಬಹುದಾ?

ಕೊಯ್ಯಬಹುದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಕಾಲದಲ್ಲಿ ಈ ಮಷಿನ್ ಎಲ್ಲಿತ್ತು? ಮಾಡಿನ ಇಳಿಜಾರುಗಳು ಕೂಡುವ ಕಡೆ ಓರೆಯಾಗಿ ಬೇಕಾದ ಹಂಚನ್ನು ಕೆಲಸದವರು ಚೂರುಚೂರೇ ಕುಟ್ಟಿ ಮುರಿದು ಹೊಂದಿಸುತ್ತಿದ್ದರು. ಈಗಲೂ ಕೈ ನುರಿತವರು ಹಾಗೇ ಮಾಡುತ್ತಾರೆ. ಹಂಚಿಗೆ ಗ್ಲೇಜ್ ಇಲ್ಲ, ಚಕ್ಕೆಯ ಚಿಂತೆ ಇಲ್ಲ, ಬ್ಲೇಡಿಗೂ ಒಳ್ಳೆಯದು. ತೊಂದರೆ ಒಂದೇ, ಅದು ಟೇಬಲ್ ಮೇಲೆ ಸಮ ಕೂರುವುದಿಲ್ಲ. ಕುಲುಕದಂತೆ ಕೆಳಗೆ ಮರದ ಚಕ್ಕೆ ಕೊಟ್ಟು ನೋಡಿ. ಕೂರಲೇ ಇಲ್ಲ ಅಂದರೆ ಬಿಡಿ.

ಗ್ರಾನೈಟ್, ಕ್ವಾರ್ಟ್ಜ್ ಸ್ಲ್ಯಾಬ್?

ಸಣ್ಣ ಮಷಿನ್ನಿಗೆ ಸ್ಲ್ಯಾಬ್ ಭಾರ ಆಗುತ್ತದೆ, ಬೇಡ. ಅಡುಗೆಮನೆ ಕಟ್ಟೆಗೆ ಬರುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಸಿಲಿಕಾ 90 ಪರ್ಸೆಂಟಿಗಿಂತ ಜಾಸ್ತಿ ಇರಬಹುದು. ಅದನ್ನು ಕೊಯ್ಯುವ ಎಳೇ ವಯಸ್ಸಿನ ಕೆಲಸಗಾರರಿಗೆ ಸಿಲಿಕೋಸಿಸ್ ಬರುತ್ತಿದ್ದದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಸ್ಲ್ಯಾಬನ್ನೇ ನಿಷೇಧಿಸಿತು. ಸೆರಾಮಿಕ್ ಟೈಲ್ಸ್ ಆ ನಿಷೇಧದಲ್ಲಿ ಸೇರಿಲ್ಲ.

ಉಳಿದ ಬಗ್ಗಡದ ನೀರನ್ನು ಬಚ್ಚಲಿಗೆ ಸುರಿಯಲಾ?

ಸುರಿಯಬೇಡಿ. ಪೈಪಿನ ಬಾಗಿನಲ್ಲಿ ಗಸಿ ಕೂತು ಕಲ್ಲಿನಂತಾಗುತ್ತದೆ. ಬಕೆಟ್ಟಿಗೆ ಸುರಿದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಲಿನ ತಿಳಿನೀರು ಚೆಲ್ಲಿ, ತಳದ ಗಸಿಯನ್ನು ಹಳೇ ಸಿಮೆಂಟ್ ಚೀಲಕ್ಕೆ ಹಾಕಿ ಕಟ್ಟಡದ ಕಸದ ಜೊತೆ ಕಳಿಸಿ. ಮಷಿನ್, ನೆಲವನ್ನು ಒದ್ದೆ ಇದ್ದಾಗಲೇ ಒರೆಸಿ. ಒಣಗಲು ಬಿಟ್ಟು ಪೊರಕೆಯಲ್ಲಿ ಗುಡಿಸಿದರೆ ನೀರಲ್ಲಿ ಹಿಡಿದಿಟ್ಟ ಧೂಳನ್ನು ಮತ್ತೆ ಗಾಳಿಗೆ ಬಿಟ್ಟಂತೆ. ಟ್ರೇಯಲ್ಲಿ ನೀರು ಉಳಿಸಲೂ ಬೇಡಿ, ಡೆಂಗಿ ಸೊಳ್ಳೆಗೆ ಅಷ್ಟು ಸಾಕು.

ಏನಾದರೂ ಆಗಿಹೋದರೆ?

ಶಾಕ್ ಹೊಡೆದವರನ್ನು ಮುಟ್ಟಬೇಡಿ, ಮೊದಲು ಮೇನ್ ಆಫ್. ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ, ಶುದ್ಧ ನೀರಲ್ಲಿ ತೊಳೆಯಿರಿ, ಹೋಗದಿದ್ದರೆ ಕಣ್ಣಿನ ಡಾಕ್ಟರು. ಕೈ ಕೊಯ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ ಹಿಡಿಯಿರಿ. ಬೆರಳೇ ತುಂಡಾದರೆ ಅದನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಆ ಕವರನ್ನು ಐಸಿನ ಮೇಲಿಡಿ. ಬೆರಳಿಗೆ ನೇರ ಐಸ್ ತಾಗಬಾರದು. 108ಕ್ಕೆ ಫೋನ್ ಮಾಡಿ.

ನಮ್ಮ ಮನೆಗೆ ಬಂದ ಕೆಲಸದವರು ಒಣ ಕಟಿಂಗೇ ಮಾಡುತ್ತಾರೆ. ನಾನು ಏನು ಹೇಳಲಿ?

ಅವರಿಗೆ ದುಡ್ಡು ಸಿಗುವುದು ಚದರಡಿ ಲೆಕ್ಕದಲ್ಲಿ. ನೀರು ತಂದು, ರಾಡಿ ಬಳಿದು ಕಳೆಯುವ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲ. ಹಾಗಾಗಿ ‘ನೀರು ಹಾಕಿ’ ಅಂತ ಬರೀ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಮಾತಾಡುವಾಗಲೇ ನೀರು ಹಾಕಿ ಕಟಿಂಗ್ ಅಂತ ರೇಟಿನಲ್ಲಿ ಸೇರಿಸಿ. ಹಿತ್ತಲಲ್ಲಿ ಒಂದು ನಲ್ಲಿ, ಒಂದು ಆರ್‌ಸಿಸಿಬಿ ಇರುವ ಪಾಯಿಂಟು, ಒಂದು ಡಬ್ಬ ಎನ್95 ನೀವೇ ಕೊಡಿ. ನಾನು ನೋಡಿದ ಒಂದು ಅಪಾರ್ಟ್‌ಮೆಂಟ್ ಕೆಲಸದಲ್ಲಿ ಮೆಟ್ಟಿಲ ಸಂದಿಯಲ್ಲೇ ಕೂತು ಕೊಯ್ಯುತ್ತಿದ್ದ ಹುಡುಗನ ರೆಪ್ಪೆಯೂ ಬೆಳ್ಳಗಾಗಿತ್ತು. ಇಪ್ಪತ್ತು ವರ್ಷವೂ ಆಗಿರಲಿಲ್ಲ ಅವನಿಗೆ.

ಇನ್ನೊಂದು ಮಾತು ಕೇಳಿ ನೋಡಿ: ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ದೀರಾ ಅಂತ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಟೈಲ್ಸ್ ಕೆಲಸದವರೂ ಸೇರಬಹುದು.

ನಿಮ್ಮ ಮಷಿನ್ ಎರಡು ದಿನಕ್ಕೆ ಕೊಡ್ತೀರಾ?

ಕೊಡುತ್ತೇನೆ. ಟ್ರೇ ತೊಳೆದು ವಾಪಸ್ ತರಬೇಕು. ಗಾರ್ಡ್ ಬಿಚ್ಚಬಾರದು. ಬರುವಾಗ ಪ್ಯಾಂಟ್ ಹಾಕ್ಕೊಂಡು ಬನ್ನಿ, ಒಂದು ಟೈಲ್ ಇಲ್ಲೇ ಕೊಯ್ದು ತೋರಿಸಿ ಕಳಿಸುತ್ತೇನೆ.